ಜೇಬಿಗೆ ಗನ್ ತಗೊಳ್ಳೋ ಮುಂಚೆ ಜೇಬು ಅಳೀರಿ

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಕಡೆ ಇರೋ ನಮ್ಮೋರು ಯಾರಾದ್ರೂ "ಗುರು, ಜೇಬಲ್ಲಿ ಇಟ್ಕೊಳ್ಳೋಕೆ ಒಂದು ಚಿಕ್ಕ ಗನ್ ತಗೋಬೇಕು, ಯಾವ್ದು ಬೆಸ್ಟು" ಅಂತ ಕೇಳಿದ್ರೆ ನಾನು ತಿರುಗಿ ಕೇಳೋದು ಒಂದೇ, ದಿನಾ ಯಾವ ಪ್ಯಾಂಟ್ ಹಾಕ್ಕೊಂತೀಯಾ ಅಂತ. ನಗ್ತಾರೆ. ನಾನೂ ಒಂದು ಕಾಲದಲ್ಲಿ ನಕ್ಕಿದ್ದೆ, ಅಂಗಡಿಗೆ ಹೋಗಿ ಇರೋದ್ರಲ್ಲೇ ಅತೀ ಚಿಕ್ಕದು ಅತೀ ಹಗುರದ್ದು ಯಾವ್ದೋ ಅದನ್ನೇ ಕೊಡಪ್ಪ ಅಂತ ತಂದಿದ್ದೆ, ಎರಡು ತಿಂಗಳಲ್ಲಿ ಅದನ್ನ ಅರ್ಧ ರೇಟಿಗೆ ಮಾರಿದೆ. ಯಾಕೆ ಅಂತ ಮುಂದೆ ಹೇಳ್ತೀನಿ, ಅದಕ್ಕಿಂತ ಮುಂಚೆ ವೀಸಾ ವಿಷ್ಯ.

ನೀವು ಎಚ್-1ಬಿ, ಎಲ್-1, ಎಫ್-1 ಅಂತ ಯಾವುದಾದ್ರೂ ನಾನ್-ಇಮಿಗ್ರಂಟ್ ವೀಸಾ ಮೇಲೆ ಇದ್ರೆ ಇದನ್ನ ಇಲ್ಲಿಗೇ ನಿಲ್ಸಿ. ಫೆಡರಲ್ ಕಾನೂನು ಪ್ರಕಾರ ಗನ್ ಇಟ್ಕೊಳ್ಳೋದಿರಲಿ, ಒಂದು ಗುಂಡು ಕೈಯಲ್ಲಿದ್ರೂ ತಪ್ಪೇ. ಹಂಟಿಂಗ್ ಲೈಸೆನ್ಸ್ ತರದ ಒಂದೆರಡು ವಿನಾಯ್ತಿ ಇದೆ, ಯೂಟ್ಯೂಬಲ್ಲಿ ಅದನ್ನ ದೊಡ್ಡ ಉಪಾಯ ಅನ್ನೋ ತರ ಹೇಳೋರೂ ಇದಾರೆ, ಆದ್ರೆ 2022ರಲ್ಲಿ ಈ ಅಪರಾಧದ ಗರಿಷ್ಠ ಶಿಕ್ಷೆನ 10 ವರ್ಷದಿಂದ 15 ವರ್ಷಕ್ಕೆ ಏರಿಸಿದಾರೆ, ಮೇಲೆ ಗಡೀಪಾರು ಬೇರೆ, ಇಷ್ಟೆಲ್ಲ ರಿಸ್ಕು ಯಾಕೆ ಬೇಕು. ಫ್ರೆಂಡ್ ಗನ್ ತಗೊಂಡು ಶೂಟಿಂಗ್ ರೇಂಜಲ್ಲಿ ಹತ್ತು ರೌಂಡ್ ಹೊಡೆಯೋಕೆ ಹೋಗೋದಾದ್ರೂ ಮೊದಲು ಲಾಯರ್ ಹತ್ರ ಕೇಳಿ. ಗ್ರೀನ್ ಕಾರ್ಡ್ ಅಥವಾ ಸಿಟಿಜನ್ ಆಗಿದ್ರೆ ಮುಂದೆ ಓದಿ. ಡೀಲರ್ ಹತ್ರ ಹ್ಯಾಂಡ್‌ಗನ್ ತಗೊಳ್ಳೋಕೆ 21 ತುಂಬಿರ್ಬೇಕು, 4473 ಅನ್ನೋ ಫಾರ್ಮ್ ತುಂಬ್ಬೇಕು, ಬ್ಯಾಕ್‌ಗ್ರೌಂಡ್ ಚೆಕ್ ಆಗುತ್ತೆ.

ಈಗ ಪ್ಯಾಂಟು. ಮನೇಲಿ ಅಮೆಜಾನ್ ಡಬ್ಬ ಬಿದ್ದಿರುತ್ತಲ್ಲ, ಆ ರಟ್ಟು ತಗೊಂಡು ಮೂರು ಆಕಾರ ಕತ್ತರಿಸಿ. ಒಂದು 5.2 ಇಂಚು ಉದ್ದ 3.6 ಇಂಚು ಎತ್ತರ, ಇದು ರೂಗರ್ ಕಂಪನಿಯ ಎಲ್‌ಸಿಪಿ ಪಿಸ್ತೂಲಿನ ಸೈಜು. ಎರಡನೇದು 5.8 ಇಂಚು ಉದ್ದ 4.3 ಎತ್ತರ, ಇದು ಸಿಗ್ ಕಂಪನಿಯ ಪಿ365 ಪಿಸ್ತೂಲು. ಮೂರನೇದು 6.3 ಇಂಚು ಉದ್ದ, ಎತ್ತರ ಹೆಚ್ಚೂಕಮ್ಮಿ ಪಿ365ರಷ್ಟೇ, ಇದು ಸ್ಮಿತ್ ಆಂಡ್ ವೆಸನ್ನಿನ ಚಿಕ್ಕ ರಿವಾಲ್ವರ್, ಜೆ-ಫ್ರೇಮ್ ಅಂತಾರೆ, ಮಧ್ಯದಲ್ಲಿ ಸಿಲಿಂಡರ್ ದಪ್ಪ 1.3 ಇಂಚು ಬರುತ್ತೆ, ಹಾಗಾಗಿ ಅಲ್ಲಿ ಅಷ್ಟು ದಪ್ಪ ಬರೋ ತನಕ ರಟ್ಟು ಮೇಲೆ ರಟ್ಟು ಅಂಟ್ಸಿ. ಮೂರನ್ನೂ ನಿಮ್ಮ ಎಲ್ಲಾ ಪ್ಯಾಂಟಿನ ಮುಂದಿನ ಜೇಬಿಗೆ ಹಾಕಿ ನೋಡಿ. ಬರೀ ಒಳಗೆ ಹೋಗೋದು ನೋಡಿದ್ರೆ ಸಾಲ್ದು, ಕೈ ಪೂರ್ತಿ ಒಳಗೆ ಹಾಕಿ ಮುಷ್ಟಿ ಮಾಡಿ ಹೊರಗೆ ತೆಗೀರಿ. ಟೈಟ್ ಜೀನ್ಸಲ್ಲಿ ಕೈ ಹೋಗುತ್ತೆ, ಮುಷ್ಟಿ ಮಾಡಿದ್ರೆ ಹೊರಗೆ ಬರಲ್ಲ, ಹಳೇ ಕಥೇಲಿ ಕೋತಿ ಮಡಕೇಲಿ ಕೈ ಹಾಕಿ ಕಡ್ಲೆ ಹಿಡ್ಕೊಂಡು ಸಿಕ್ಕಾಕೊಂಡ ಹಾಗೆ. ನಾನು ನನ್ನ ಏಳು ಪ್ಯಾಂಟಲ್ಲಿ ಹೀಗೆ ನೋಡಿದಾಗ ಎರಡೇ ಪಾಸಾಗಿದ್ದು, ಎರಡೂ ಆಫೀಸಿಗೆ ಹಾಕೋ ಅಗಲ ಜೇಬಿನ ಚಿನೋಸು. ಆ ಗನ್ ತರೋ ಮುಂಚೆ ಈ ಕೆಲಸ ಮಾಡಿದ್ರೆ ದುಡ್ಡು ಉಳೀತಿತ್ತು.

ತೂಕದ ಲೆಕ್ಕ ನಮ್ಮ ಭಾಷೇಲೇ ಹೇಳ್ತೀನಿ. ಖಾಲಿ ಪಿ365 ತೂಕ 17.8 ಔನ್ಸ್, ಅಂದ್ರೆ ಅರ್ಧ ಲೀಟರ್ ನಂದಿನಿ ಹಾಲಿನ ಪ್ಯಾಕೆಟ್ ಇದ್ದಂಗೆ, ಗುಂಡು ತುಂಬಿದ್ರೆ ಇನ್ನೂ ಜಾಸ್ತಿ. ಎಲ್‌ಸಿಪಿ ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ, ಸುಮಾರು 270 ಗ್ರಾಂ. ಸ್ಮಿತ್ತಿನ ಜೆ-ಫ್ರೇಮಲ್ಲಿ ಒಂದಾದ 642 ರಿವಾಲ್ವರ್ ಇವೆರಡರ ಮಧ್ಯೆ, 400 ಗ್ರಾಂ ಆಸುಪಾಸು. ಹಾಲಿನ ಪ್ಯಾಕೆಟ್ ಒಂದನ್ನ ಬಲಗಡೆ ಜೇಬಲ್ಲಿ ಹಾಕ್ಕೊಂಡು ಇಡೀ ದಿನ ಓಡಾಡಿ ಅಂದ್ರೆ ಸಂಜೆ ಹೊತ್ತಿಗೆ ಪ್ಯಾಂಟು ಒಂದು ಕಡೆ ಜೋತುಬಿದ್ದಿರುತ್ತೆ, ಬೆಲ್ಟ್ ಗಟ್ಟಿ ಇಲ್ಲದಿದ್ರೆ ಪದೇ ಪದೇ ಎಳ್ಕೋತಾ ಇರ್ತೀರ. ಹಾಗೆ ಎಳ್ಕೋತಾ ಇರೋದೇ ನೋಡೋರಿಗೆ ಮೊದಲ ಸುಳಿವು.

ಸರಿ, ಹಾಗಾದ್ರೆ ಹಗುರದ್ದೇ ತಗೋಳಣ ಅಂತ ಅನ್ಸುತ್ತೆ. ನಾನು ಬಿದ್ದಿದ್ದು ಅಲ್ಲೇ. ಗನ್ ಹಗುರ ಆದಷ್ಟೂ ಒದೆಯೋದು ಜಾಸ್ತಿ, ಅದೇ ಗುಂಡು ಅದೇ ಜೋರು, ತಡ್ಕೊಳ್ಳೋಕೆ ಮಧ್ಯದಲ್ಲಿ ತೂಕ ಇಲ್ಲ ಅಂದ್ರೆ ಎಲ್ಲಾ ನಿಮ್ಮ ಅಂಗೈಗೇ ಬರುತ್ತೆ. ನನ್ನ ಮೊದಲ ಪಿಸ್ತೂಲಿನ ಹಿಡಿ ಎಷ್ಟು ಚಿಕ್ಕದಿತ್ತು ಅಂದ್ರೆ ಎರಡು ಬೆರಳು ಹಿಡಿಯುತ್ತೆ, ಕಿರುಬೆರಳು ಗಾಳೀಲಿ ನೇತಾಡ್ತಿರುತ್ತೆ. ರೇಂಜಿಗೆ ಹೋಗಿ ಏಳು ಗಜ ದೂರದಲ್ಲಿ ಪೇಪರ್ ನೇತಾಕಿ ಹದಿನಾಲ್ಕು ರೌಂಡ್ ಹೊಡೆದೆ, ಪೇಪರಿಗೆ ಬಿದ್ದಿದ್ದು ಐದು. ಟ್ರಿಗರ್ ಗಾರ್ಡು ಪ್ರತೀ ಸಲ ಬೆರಳಿನ ಗೆಣ್ಣಿಗೆ ಕೆಳಗಿಂದ ಹೊಡೆದು ಕೆಂಪಗಾಗಿತ್ತು, ಹೆಬ್ಬೆರಳು ತೋರುಬೆರಳ ಮಧ್ಯದ ಚರ್ಮ ಉರೀತಿತ್ತು. ಮನೇಗೆ ಬಂದು ಸಾರಿಗೆ ಹುಣಸೆಹಣ್ಣು ಕಿವುಚೋಕೆ ಹೋದಾಗ ಗೊತ್ತಾಯ್ತು ಚರ್ಮ ಕಿತ್ತಿದೆ ಅಂತ. ಹೆಂಡ್ತಿ ಒಂದೇ ಮಾತು ಹೇಳಿದ್ಲು, "ಇದು ಕಳ್ಳನಿಗಿಂತ ನಿಮಗೇ ಜಾಸ್ತಿ ಏಟು ಕೊಡುತ್ತೆ." ಏಟು ಬೀಳುತ್ತೆ ಅಂತ ಗೊತ್ತಿರೋ ಗನ್ನನ್ನ ಯಾರೂ ಪ್ರಾಕ್ಟೀಸ್ ಮಾಡಲ್ಲ, ಪ್ರಾಕ್ಟೀಸ್ ಮಾಡದ ಗನ್ ಜೇಬಲ್ಲಿದ್ದು ಏನು ಪ್ರಯೋಜನ.

ಅದಕ್ಕೇ ನಾನು ಈಗ ಹೇಳೋದು, ಜೇಬು ಹಿಡಿಸೋ ಅಷ್ಟರಲ್ಲಿ ದೊಡ್ಡದು ತಗೊಳ್ಳಿ, ಸಿಗೋ ಅಷ್ಟರಲ್ಲಿ ಚಿಕ್ಕದಲ್ಲ. ರಟ್ಟಿನ ಟೆಸ್ಟಲ್ಲಿ ಎರಡು ಪಾಸಾದ್ರೆ ಅದರಲ್ಲಿ ದೊಡ್ಡದ್ದು ನಿಮ್ಮದು. ಉದಾಹರಣೆಗೆ .380 ಅನ್ನೋ ಸೈಜಿನ ಗುಂಡಿನಲ್ಲೇ ಎಲ್‌ಸಿಪಿ ಇದೆ, ಗ್ಲಾಕ್ 42 ಇದೆ. ಗ್ಲಾಕ್ 42 ಬಂದಿದ್ದು 2014ರಲ್ಲಿ, ಎಲ್‌ಸಿಪಿಗಿಂತ ನೂರು ಗ್ರಾಂಗೂ ಜಾಸ್ತಿ ತೂಕ, ಸ್ವಲ್ಪ ಉದ್ದ, ಅಷ್ಟಕ್ಕೇ ಕೈಯಲ್ಲಿ ಹಿಡಿದು ಹೊಡೆದಾಗ ಬೇರೆ ಜಾತಿ ಗನ್ ಅನ್ಸುತ್ತೆ, ಅಷ್ಟು ಮೆತ್ತಗೆ. ರೌಂಡು ಮಾತ್ರ ಎರಡ್ರಲ್ಲೂ 6+1, ಅಂದ್ರೆ ಮ್ಯಾಗಜಿನ್ನಲ್ಲಿ ಆರು, ಬ್ಯಾರಲ್ಲಲ್ಲಿ ಒಂದು. ರೌಂಡು ಜಾಸ್ತಿ ಬೇಕು ಅಂದ್ರೆ ರೂಗರ್ 2021ರಲ್ಲಿ ಎಲ್‌ಸಿಪಿ ಮ್ಯಾಕ್ಸ್ ಅಂತ ಬಿಟ್ರು, ಹತ್ತಿರ ಹತ್ತಿರ ಅದೇ ಸೈಜಲ್ಲಿ 10+1, ಸ್ಮಿತ್ತಿನವ್ರು 2024ರಲ್ಲಿ ಬಾಡಿಗಾರ್ಡ್ 2.0 ಅಂತ ಅದೇ ದಾರೀಲಿ ಬಂದ್ರು. ಇವೆರಡರಲ್ಲೂ ಗುರಿ ನೋಡೋ ಸೈಟು ಹಳೇ ಎಲ್‌ಸಿಪಿಗಿಂತ ಎಷ್ಟೋ ವಾಸಿ. ಹಳೇದರಲ್ಲಿ ಸೈಟು ಅನ್ನೋದು ಹೆಸರಿಗೆ ಮಾತ್ರ, ಅಕ್ಕಿಕಾಳಿನಷ್ಟು ಉಬ್ಬು, ಚಾಳೀಸು ಬಂದೋರಿಗೆ ಕಾಣ್ಸೋದೇ ಇಲ್ಲ.

ಇನ್ನೊಂದು ವಿಷ್ಯ ಅಂಗಡಿಯವ್ರು ಎಲ್ರೂ ಹೇಳಲ್ಲ. ಭಾರ ಇದ್ದ ಮಾತ್ರಕ್ಕೆ ಒದೆ ಕಮ್ಮಿ ಅಂತಲ್ಲ, ಒಳಗಿನ ಮೆಕ್ಯಾನಿಸಂ ಕೂಡ ಮುಖ್ಯ. ವಾಲ್ಥರ್ ಪಿಪಿಕೆ ತರದ 1930ರ ದಶಕದ ಡಿಸೈನಿಗೆ ಬ್ಲೋಬ್ಯಾಕ್ ಅಂತಾರೆ, ಬ್ಯಾರಲ್ಲು ಫಿಕ್ಸು, ಸ್ಲೈಡನ್ನ, ಅಂದ್ರೆ ಹೊಡೆದಾಗ ಹಿಂದೆ ಸರಿಯೋ ಮೇಲಿನ ಭಾಗಾನ, ತಡೆಯೋಕೆ ಅದರ ತೂಕ ಮತ್ತೆ ಸ್ಪ್ರಿಂಗ್ ಬಿಟ್ರೆ ಏನೂ ಇಲ್ಲ, ಹಾಗಾಗಿ ಸ್ಪ್ರಿಂಗ್ ಗಟ್ಟಿ ಇರುತ್ತೆ, ಒದೆಯೂ ಚುರುಕಾಗಿ ಹೊಡೆಯುತ್ತೆ. ಎಲ್‌ಸಿಪಿ, ಗ್ಲಾಕ್ 42 ಎಲ್ಲಾ ಲಾಕ್ಡ್ ಬ್ರೀಚು, ಗುಂಡು ಹೊರಗೆ ಹೋಗೋ ತನಕ ಬ್ಯಾರಲ್ಲೂ ಸ್ಲೈಡೂ ಒಟ್ಟಿಗೆ ಬೀಗ ಹಾಕ್ಕೊಂಡು ಹಿಂದೆ ಬರುತ್ತೆ. ಮನೇಲಿ ಅಪ್ಪ ಅಮ್ಮನೋ ಹೆಂಡ್ತಿನೋ ಕೂಡ ಅದನ್ನ ಬಳಸೋರಾದ್ರೆ ಅಂಗಡೀಲೇ ಅವರ ಕೈಯಲ್ಲೇ ಸ್ಲೈಡ್ ಎಳೆಸಿ ನೋಡಿ. ನಮ್ಮ ಮನೆಯಾಕೆ ನನ್ನ ಮೊದಲ ಪಿಸ್ತೂಲಿನ ಸ್ಲೈಡು ಪೂರ್ತಿ ಎಳೆಯೋಕೇ ಆಗ್ಲಿಲ್ಲ. ಚಿಕ್ಕ ಪಿಸ್ತೂಲಲ್ಲಿ ಸ್ಪ್ರಿಂಗ್ ಬಿರುಸು, ಹಿಡಿಯೋಕೆ ಜಾಗ ಕಮ್ಮಿ.

ಅಲ್ಲಿಗೆ ರಿವಾಲ್ವರ್ ಮಾತು ಬರುತ್ತೆ. ಐದೇ ಗುಂಡು ಅಂತ ಹುಡುಗರು ಮೂಗು ಮುರೀತಾರೆ, ಆದ್ರೆ ಜೇಬಿಗೆ ಅಂತಲೇ ಹೇಳಿ ಮಾಡ್ಸಿದಂಗಿರೋದು ಅದೇ. ಹಿಡಿ ದುಂಡಗೆ ಇರೋದ್ರಿಂದ ಬಟ್ಟೆ ಮೇಲೆ ಚೌಕ ಮೂಲೆ ಎದ್ದು ಕಾಣಲ್ಲ. ಎಳೆಯೋಕೆ ಸ್ಲೈಡೇ ಇಲ್ಲ. ತಗೊಳ್ಳೋವಾಗ ಒಂದೇ ನೋಡಿ, ಹಿಂದ್ಗಡೆ ಕುದುರೆ ಹೊರಗೆ ಕಾಣೋ ಮಾಡೆಲ್ ಬೇಡ. ಕುದುರೆ ಅಂದ್ರೆ ನಮ್ಮೂರ ಕಡೆ ಕೋವೀಲಿ ಎಳೆದು ನಿಲ್ಲಿಸ್ತಾರಲ್ಲ, ಅದೇ ಹ್ಯಾಮರ್. ಅದು ಜೇಬಿನ ಅಂಚಿಗೆ ಸಿಕ್ಕಾಕೊಳುತ್ತೆ. 642 ಮತ್ತೆ ಕಪ್ಪು ಬಣ್ಣದ 442ರಲ್ಲಿ ಅದು ಒಳಗೇ ಮುಚ್ಚಿರುತ್ತೆ, ರೂಗರಿನ ಎಲ್‌ಸಿಆರ್ ರಿವಾಲ್ವರಲ್ಲೂ ಅಷ್ಟೇ. ಸಮಸ್ಯೆ ಟ್ರಿಗರು. ಜೆ-ಫ್ರೇಮಿನ ಟ್ರಿಗರ್ ಎಳೆಯೋಕೆ ಸುಮಾರು 12 ಪೌಂಡ್ ಬಲ ಬೇಕು, ಐದೂವರೆ ಕೆಜಿ ಹತ್ತಿರ, ಅದೂ ಗನ್ ತೂಕಾನೇ ಅರ್ಧ ಕೆಜಿ ಇಲ್ಲ, ಹಾಗಾಗಿ ಎಳೀತಾ ಎಳೀತಾ ಮೂತಿ ಬಲಕ್ಕೋ ಕೆಳಕ್ಕೋ ಹೋಗಿರುತ್ತೆ. ಇದಕ್ಕೆ ಮದ್ದು ಮನೇಲಿ ಖಾಲಿ ಗನ್ನಿಗೆ ಸ್ನ್ಯಾಪ್ ಕ್ಯಾಪ್ ಅನ್ನೋ ಡಮ್ಮಿ ಗುಂಡು ಹಾಕಿ ದಿನಾ ಹತ್ತು ಸಲ ನಿಧಾನಕ್ಕೆ ಎಳೆಯೋದು, ನಿಜವಾದ ಗುಂಡು ಎಲ್ಲಾ ಬೇರೆ ರೂಮಲ್ಲಿಟ್ಟು. ಎಲ್‌ಸಿಆರ್ ಟ್ರಿಗರ್ ಪೆಟ್ಟಿಗೆಯಿಂದ ತೆಗೆದಾಗಲೇ ನಯ ಅನ್ಸುತ್ತೆ, ನನ್ನ ಬೆರಳಿಗಂತೂ ಅದೇ ಒಗ್ಗಿದ್ದು, ಈಗ ಜೇಬಲ್ಲಿರೋದು ಅದೇ.

ಸ್ಕ್ಯಾಂಡಿಯಂ ಅನ್ನೋ ಲೋಹ ಬೆರೆಸಿ ಮಾಡಿದ ಇನ್ನೂ ಹಗುರದ ರಿವಾಲ್ವರ್ ಬರುತ್ತೆ, ಸ್ಮಿತ್ತಿನ 340ಪಿಡಿ, .357 ಮ್ಯಾಗ್ನಮ್ಮು. ಅದರ ಬ್ಯಾರಲ್ ಮೇಲೇ ಬರ್ದಿರ್ತಾರೆ, 120 ಗ್ರೇನಿಗಿಂತ (ಗ್ರೇನ್ ಅಂದ್ರೆ ಬುಲೆಟ್ ತೂಕದ ಅಳತೆ) ಹಗುರದ ಬುಲೆಟ್ ಹಾಕ್ಬೇಡಿ ಅಂತ. ಒದೆ ಎಷ್ಟಿರುತ್ತೆ ಅಂದ್ರೆ ಉಳಿದ ಗುಂಡುಗಳ ಮೂತಿ ಆ ಜೆರ್ಕಿಗೇ ಕೇಸಿಂದ ಮುಂದಕ್ಕೆ ಜರುಗಿ ಸಿಲಿಂಡರ್ ಸಿಕ್ಕಾಕೊಳ್ಳಬಹುದು. ಒಂದು ಸಲ ಬಾಡಿಗೆಗೆ ತಗೊಂಡು ಹೊಡೀರಿ, ಕೊಳ್ಳೋ ಆಸೆ ತಾನಾಗೇ ಹೋಗುತ್ತೆ.

ಬಾಡಿಗೆ ಅಂದಾಗ ನೆನಪಾಯ್ತು, ಇಲ್ಲಿ ಎಷ್ಟೋ ರೇಂಜಲ್ಲಿ ಗನ್ ಬಾಡಿಗೆ ಸಿಗುತ್ತೆ. ನಾನೂರು ಐನೂರು ಡಾಲರ್ ಹಾಕೋ ಮುಂಚೆ ಎರಡು ಮೂರು ಮಾಡೆಲ್ ಬಾಡಿಗೆ ತಗೊಂಡು ಒಂದೊಂದರಲ್ಲೂ ಐವತ್ತು ರೌಂಡ್ ಹೊಡೀರಿ. ಮೊದಲ ಐದಲ್ಲ, ಕೊನೇ ಹತ್ತು ಹೇಗೆ ಬಿತ್ತು ನೋಡಿ, ಅಷ್ಟೊತ್ತಿಗೆ ಕೈ ಸೋತಿರುತ್ತೆ, ಗನ್ನಿನ ನಿಜ ಬಣ್ಣ ಗೊತ್ತಾಗುತ್ತೆ. ತಂದ ಮೇಲೂ ನೀವು ಜೇಬಲ್ಲಿ ಇಟ್ಕೊಳ್ಳೋ ಗುಂಡೇ ಹಾಕಿ ಕೆಲವು ಮ್ಯಾಗಜಿನ್ ಖಾಲಿ ಮಾಡಿ, ಚಿಕ್ಕ ಪಿಸ್ತೂಲುಗಳು ಊಟದ ವಿಷ್ಯದಲ್ಲಿ ನಖರ ಜಾಸ್ತಿ, ಒಂದು ಬ್ರಾಂಡ್ ತಿಂದ್ರೆ ಇನ್ನೊಂದು ಗಂಟಲಲ್ಲಿ ಸಿಕ್ಕಾಕೊಳುತ್ತೆ.

ಗುಂಡಿನ ಸೈಜ್ ಬಗ್ಗೆ ಜನ ರಾತ್ರಿಯೆಲ್ಲಾ ಜಗಳ ಆಡ್ತಾರೆ, ನಾನು ಚಿಕ್ಕದಾಗಿ ಮುಗಿಸ್ತೀನಿ. ಎಫ್‌ಬಿಐನವ್ರು ಮಾಂಸದ ಬದಲಿಗೆ ಇಡೋ ಜೆಲ್ಲಿಗೆ ಹೊಡೆದು ನೋಡೋ ಟೆಸ್ಟಲ್ಲಿ ಬುಲೆಟ್ 12ರಿಂದ 18 ಇಂಚು ಒಳಗೆ ಹೋಗ್ಬೇಕು ಅಂತ ಅಳತೆ ಇಟ್ಟಿದಾರೆ. 9 ಎಂಎಂ ಚಿಕ್ಕ ಬ್ಯಾರಲಿಂದಲೂ ಅದನ್ನ ಆರಾಮಾಗಿ ಮುಟ್ಟುತ್ತೆ, .38 ಸ್ಪೆಶಲ್ ಒಳ್ಳೇ ಲೋಡ್ ಹಾಕಿದ್ರೆ ಮುಟ್ಟುತ್ತೆ, .380 ಗಡಿ ಮೇಲೆ ನಿಂತಿರುತ್ತೆ, ಬುಲೆಟ್ ಮೂತಿ ಅರಳಿದ್ರೆ ಆಳ ಹೋಗಲ್ಲ, ಆಳ ಹೋದ್ರೆ ಅರಳಲ್ಲ. .32 ಇನ್ನೂ ಮೆತ್ತಗೆ, ಆದ್ರೆ ಒದೆ ಕಮ್ಮಿ, ಕೈ ನೋವಿರೋರಿಗೆ ಅದೂ ಬೇಡ ಅನ್ನೋ ಹಾಗಿಲ್ಲ. ಊರಲ್ಲಿ ಲೈಸೆನ್ಸ್ ಇರೋರು .32 ರಿವಾಲ್ವರ್ ನೋಡಿರ್ತಾರೆ, ಕಾನ್ಪುರದ ಆರ್ಡ್ನೆನ್ಸ್ ಫ್ಯಾಕ್ಟರಿದು, ಭಾರತದಲ್ಲಿ 9 ಎಂಎಂ ಪ್ರೊಹಿಬಿಟೆಡ್ ಬೋರು, ಸಾಮಾನ್ಯರಿಗೆ ಸಿಗಲ್ಲ ಅಂತ .32 ಕೊಳ್ತಾರೆ. ಇಲ್ಲಿನ .32 ಎಸಿಪಿ ಗುಂಡೂ ಆ ರಿವಾಲ್ವರಿನ ಗುಂಡೂ ಬೇರೆ ಬೇರೆ, ಹೆಸರು ಒಂದೇ ಅಂತ ಬೆರೆಸ್ಬೇಡಿ. ನನ್ನ ಕೇಳಿದ್ರೆ ನಿಮ್ಮ ಕೈ ಬೆದರದೆ ಹೊಡೆಯೋ ಗುಂಡೇ ನಿಮ್ಮ ಗುಂಡು.

ಈಗ ಹೋಲ್‌ಸ್ಟರ್, ಅಂದ್ರೆ ಗನ್ ಇಡೋ ಚೀಲ, ಇದರಲ್ಲಿ ಚೌಕಾಸಿ ಇಲ್ಲ. ಜೇಬಲ್ಲಿ ಗನ್ನನ್ನ ಹಾಗೇ ಬರಿಗನ್ನಾಗಿ ಹಾಕ್ಕೊಳ್ಳೋರನ್ನ ನೋಡಿದ್ರೆ ನಾನು ಎರಡು ಹೆಜ್ಜೆ ಆ ಕಡೆ ಹೋಗಿ ನಿಂತ್ಕೊಂತೀನಿ. ಪಾಕೆಟ್ ಹೋಲ್‌ಸ್ಟರ್ ಮಾಡ್ಬೇಕಾದ್ದು ಮೂರು ಕೆಲಸ: ಟ್ರಿಗರ್ ಪೂರ್ತಿ ಮುಚ್ಚಬೇಕು, ಗನ್ನನ್ನ ನೆಟ್ಟಗೆ ನಿಲ್ಲಿಸಬೇಕು, ಗನ್ ತೆಗೆದಾಗ ತಾನು ಜೇಬಲ್ಲೇ ಉಳೀಬೇಕು. ಡಿಸಾಂಟಿಸ್ ನೆಮೆಸಿಸ್ ತರದ್ದು ಹೊರಗಡೆ ರಬ್ಬರಿನ ಹಾಗೆ ಅಂಟಂಟು ಇರುತ್ತೆ, ಅದಕ್ಕೇ ಜೇಬಿಗೆ ಕಚ್ಚಿಕೊಂಡು ಕೂತಿರುತ್ತೆ. ಆ ಜೇಬಲ್ಲಿ ಬೇರೆ ಏನೂ ಇರಬಾರ್ದು. ಕಾರ್ ಕೀ, ಚಿಲ್ಲರೆ, ಅಡಿಕೆ ಪೊಟ್ಟಣ, ಏನೂ. ಕೀ ಗೊಂಚಲು ಟ್ರಿಗರ್ ಗಾರ್ಡ್ ಒಳಗೆ ಹೋಗಿ ತೊಡೆಗೆ ಗುಂಡು ಹೊಡ್ಕೊಳ್ಳೋಕೆ ಒಂದು ಸೆಕೆಂಡ್ ಸಾಕು. ಪಿ365, ಗ್ಲಾಕ್ ತರದ, ಹ್ಯಾಮರ್ ಬದಲು ಒಳಗೆ ಸ್ಟ್ರೈಕರ್ ಅನ್ನೋ ಸೂಜಿ ಇರೋ ಗನ್ನಲ್ಲಿ ಟ್ರಿಗರ್ ಹಗುರ, ಅದರಲ್ಲಂತೂ ಹೋಲ್‌ಸ್ಟರ್ ಇಲ್ಲದೆ ಜೇಬಿಗೆ ಹಾಕೋ ಮಾತೇ ಬೇಡ. ವಾಪಸ್ ಇಡೋವಾಗ ಹೋಲ್‌ಸ್ಟರನ್ನ ಹೊರಗೆ ತೆಗೆದು, ಗನ್ನನ್ನ ಅದರಲ್ಲಿ ಕೂರಿಸಿ, ಎರಡನ್ನೂ ಒಟ್ಟಿಗೆ ಜೇಬಿಗಿಳಿಸಿ.

ಜೇಬಿನ ಕಸ ಯಾರೂ ನೆನಪಿಟ್ಕೊಳ್ಳಲ್ಲ. ಎರಡು ವಾರ ಬಿಟ್ಟು ಗನ್ ತೆಗೆದು ಬ್ಯಾರಲ್ ಮೂತಿ ನೋಡಿ, ಬಟ್ಟೆ ನಾರು, ಧೂಳು, ಬೆವರಿನ ಜಿಡ್ಡು ಸೇರಿ ಮಂಗಳೂರು ಹಂಚಿನ ಮೇಲೆ ಪಾಚಿ ಕಟ್ಟಿದ ಹಾಗೆ ಕೂತಿರುತ್ತೆ. ನನ್ನ ರಿವಾಲ್ವರಿನ ಟ್ರಿಗರ್ ಹಿಂದಿನ ಸಂದೀಲಿ ಒಂದು ಸಲ ಸೋಂಪಿನ ಕಾಳು ಸಿಕ್ತು, ಊಟ ಆದ್ಮೇಲೆ ಜೇಬಿಗೆ ಸುರ್ಕೊಂಡಿದ್ದು, ನನ್ನ ರೂಲು ನಾನೇ ಮುರಿದಿದ್ದೆ. ಟೂತ್‌ಬ್ರಶ್ ಒಂದು ಮೀಸಲಿಟ್ಟು ಹದಿನೈದು ದಿನಕ್ಕೊಮ್ಮೆ ಉಜ್ಜಿ, ಗುಂಡು ತೆಗೆದು, ತೆಗೆದಿದೀನಿ ಅಂತ ಎರಡನೇ ಸಲ ನೋಡಿ ಆಮೇಲೆ.

ಜೇಬು ಸುಖ ಅಂದ್ರೆ ಸುಖವೇ, ಆದ್ರೆ ಕೂತಾಗ ಕೆಲಸಕ್ಕೆ ಬರಲ್ಲ. ಕಾರಲ್ಲಿ ಸೀಟ್ ಬೆಲ್ಟ್ ಹಾಕ್ಕೊಂಡು ಕೂತಿದ್ದಾಗ ಮುಂದಿನ ಜೇಬಿಂದ ಏನನ್ನಾದ್ರೂ ತೆಗೆದು ನೋಡಿ, ಮೊಬೈಲ್ ತೆಗೆಯೋಕೇ ಸೊಂಟ ಎತ್ತಬೇಕು. ಜಾಸ್ತಿ ಹೊತ್ತು ಗಾಡೀಲೇ ಇರೋರು, ಇಲ್ಲ ಕೌಂಟರ್ ಹಿಂದೆ ಸ್ಟೂಲ್ ಮೇಲೆ ಕೂರೋರು, ಸೊಂಟದ ಹೋಲ್‌ಸ್ಟರೇ ನೋಡ್ಕೊಳ್ಳಿ. ಇನ್ನು ನಮ್ಮ ಡ್ರೆಸ್ಸು. ಪಂಚೇಲಿ ಜೇಬೇ ಇಲ್ಲ, ಜುಬ್ಬದ ಸೈಡ್ ಜೇಬಲ್ಲಿ ಹಾಕಿದ್ರೆ ಗಂಟೆ ತರ ತೂಗಾಡಿ ತೊಡೆಗೆ ಬಡೀತಿರುತ್ತೆ. ದೇವಸ್ಥಾನದಲ್ಲಿ ಸಾಷ್ಟಾಂಗ ನಮಸ್ಕಾರ ಮಾಡೋಕೆ ಹೋದ್ರೆ ಜೇಬಿಂದ ಜಾರಿ ಕಲ್ಲು ನೆಲದ ಮೇಲೆ ಟಣ್ ಅಂತ ಬಿದ್ದು ಭಟ್ರು ಮಂತ್ರ ನಿಲ್ಸಿ ನಿಮ್ಮನ್ನೇ ನೋಡೋ ಸೀನ್ ಯೋಚ್ನೆ ಮಾಡಿ. ಜುಬ್ಬ ಹಾಕೋ ದಿನ ಮನೇಲಿ ಬಿಟ್ಟು ಹೋಗಿ, ಸಿಂಪಲ್.

ರಾಜ್ಯೋತ್ಸವ, ಯುಗಾದಿ ಪ್ರೋಗ್ರಾಮು ಬಹಳ ಸಲ ಹೈಸ್ಕೂಲ್ ಆಡಿಟೋರಿಯಮ್ಮಲ್ಲಿ ಇರುತ್ತಲ್ಲ, ಅಲ್ಲಿ ಎಚ್ಚರ. ಟೆಕ್ಸಾಸಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ತುಂಬಿದೋರು, ಕಾನೂನಿನ ಅಡ್ಡಿ ಇಲ್ಲದೋರು ಪರ್ಮಿಟ್ ಇಲ್ಲದೇ ಹ್ಯಾಂಡ್‌ಗನ್ ಇಟ್ಕೊಂಡು ಓಡಾಡಬಹುದು ಅಂತಾಯ್ತು, ಅದನ್ನ ಕೇಳಿ ಎಲ್ಲೆಂದರಲ್ಲಿ ಅಂದ್ಕೊಂಡುಬಿಟ್ಟಿದಾರೆ. ಸ್ಕೂಲ್ ಬಿಲ್ಡಿಂಗು, ಕೋರ್ಟು, ಮತಗಟ್ಟೆ ಒಳಗೆಲ್ಲಾ ಇಲ್ಲ. ಹೆಂಡ ಮಾರೋದ್ರಿಂದಲೇ ಅರ್ಧಕ್ಕಿಂತ ಹೆಚ್ಚು ಆದಾಯ ಬರೋ ಜಾಗದಲ್ಲಿ ಕೆಂಪಗೆ 51 ಪರ್ಸೆಂಟ್ ಅಂತ ಬೋರ್ಡ್ ಇರುತ್ತೆ, ಅಲ್ಲೂ ಇಲ್ಲ. ಅಂಗಡಿ, ಆಸ್ಪತ್ರೆ, ಗುಡಿ ಬಾಗಿಲಲ್ಲಿ 30.05, 30.06 ಅಂತ ನಂಬರ್ ಇರೋ ಬೋರ್ಡ್ ಹಾಕಿದ್ರೆ ಮಾಲೀಕರು ಬೇಡ ಅಂತಿದಾರೆ ಅಂತರ್ಥ, ಓದಿ ವಾಪಸ್ ಬನ್ನಿ. ಪರ್ಮಿಟ್ ಬೇಡ ಅಂದ್ರೂ ಎಲ್‌ಟಿಸಿ (ಲೈಸೆನ್ಸ್ ಟು ಕ್ಯಾರಿ) ಅನ್ನೋ ಟೆಕ್ಸಾಸ್ ಲೈಸೆನ್ಸ್ ಮಾಡ್ಸಿ ಅಂತ ನಾನು ಹೇಳ್ತೀನಿ. ನಾಲ್ಕರಿಂದ ಆರು ಗಂಟೆ ಕ್ಲಾಸು, ಆಮೇಲೆ 3, 7, 15 ಗಜದಿಂದ ಒಟ್ಟು 50 ರೌಂಡು, ನೂರಕ್ಕೆ 70 ಬಂದ್ರೆ ಪಾಸು. ಆ ಟೆಸ್ಟನ್ನ ನೀವು ಜೇಬಿಗೆ ಅಂತ ತಂದ ಗನ್ನಲ್ಲೇ ಕೊಡಿ, ದೊಡ್ಡ ಗನ್ ಸಾಲ ಇಸ್ಕೊಂಡು ಹೋಗಿ ಪಾಸಾದ್ರೆ ಯಾರಿಗೆ ಮೋಸ. ಬೇರೆ ರಾಜ್ಯಕ್ಕೆ ಹೋಗೋವಾಗಲೂ ಎಲ್‌ಟಿಸಿ ಕೆಲವು ಕಡೆ ನಡೆಯುತ್ತೆ, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಲಿ ನಡೆಯಲ್ಲ. ನ್ಯೂಜೆರ್ಸಿಯ ಎಡಿಸನ್ನಲ್ಲಿರೋ ಅಣ್ಣನ ಮನೆಗೆ ಹಬ್ಬಕ್ಕೆ ಹೋಗೋರು ಅದನ್ನ ಟೆಕ್ಸಾಸಲ್ಲೇ ಬೀಗ ಹಾಕಿ ಹೋಗಿ.

ಬೀಗ ಅಂದ್ರೆ ನಿಜವಾದ ಬೀಗ. ಜೇಬಿಂದ ತೆಗೆದು ಫ್ರಿಜ್ ಮೇಲೆ, ದೇವರ ಮನೆ ಶೆಲ್ಫಲ್ಲಿ ಇಡೋ ಅಭ್ಯಾಸ ಇರೋರು ಮಕ್ಕಳಿರೋ ಮನೇಲಿ ಗನ್ನೇ ತರ್ಬೇಡಿ. 17 ವರ್ಷದೊಳಗಿನ ಮಗು ಕೈಗೆ ಲೋಡಾದ ಗನ್ ಸಿಗೋ ಹಾಗೆ ಬಿಟ್ರೆ ಟೆಕ್ಸಾಸಲ್ಲೂ ಅದು ಅಪರಾಧ. ಬೆರಳು ಒತ್ತಿದ್ರೆ ತೆರೆಯೋ ಚಿಕ್ಕ ಸೇಫು ಬಾಗಿಲ ಹತ್ರಾನೇ ಸ್ಕ್ರೂ ಹಾಕಿ ಕೂರ್ಸಿ, ಮನೆಗೆ ಬಂದ ತಕ್ಷಣ ಚಪ್ಪಲಿ ಬಿಡೋ ಜೊತೆಗೇ ಅದೂ ಒಳಗೆ.

ಕೊನೇದಾಗಿ ಊರಿಗೆ ಹೋಗೋ ವಿಷ್ಯ. ಅಜ್ಜನ ಮನೇಲಿ ಕೋವಿ ಇತ್ತು, ಎಲೆಕ್ಷನ್ ಬಂದಾಗೆಲ್ಲ ಅದನ್ನ ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ಇಸ್ಕೊಂಡು ಬರ್ತಿದ್ರು, ಅಷ್ಟು ಬಿಗಿ ಅಲ್ಲಿ. ಇಲ್ಲಿ ಜೇಬಲ್ಲೂ ಬ್ಯಾಗಲ್ಲೂ ಗುಂಡು ಹಾಕ್ಕೊಂಡು ಓಡಾಡಿ ಅಭ್ಯಾಸ ಆದೋರು ಅದೇ ಬ್ಯಾಗ್ ತಗೊಂಡು ಬೆಂಗಳೂರಿಗೆ ಹೊರಡ್ತಾರೆ, ಮೂಲೇಲಿ ಮರೆತ ಒಂದೇ ಒಂದು ಗುಂಡು ಸ್ಕ್ಯಾನರಲ್ಲಿ ಕಂಡ್ರೆ ಆರ್ಮ್ಸ್ ಆಕ್ಟ್ ಕೇಸು, ಗೊತ್ತಿಲ್ಲದೇ ಇತ್ತು ಅಂತ ಕೋರ್ಟಲ್ಲಿ ಸಾಬೀತು ಮಾಡೋ ಹೊತ್ತಿಗೆ ರಜ ಮುಗಿದು ವಾಪಸ್ ಟಿಕೆಟ್ಟೂ ಹೋಗಿರುತ್ತೆ. ಅಮೆರಿಕದ ಏರ್‌ಪೋರ್ಟಲ್ಲೂ ಕಮ್ಮಿಯೇನಿಲ್ಲ, 2023ರಲ್ಲಿ ಟಿಎಸ್‌ಎ ಅನ್ನೋ ಏರ್‌ಪೋರ್ಟ್ ಸೆಕ್ಯುರಿಟಿಯವ್ರು ಕ್ಯಾರಿ-ಆನ್ ಬ್ಯಾಗುಗಳಲ್ಲಿ ಹಿಡಿದ ಗನ್ನು 6,737. ನಮ್ಮನೇಲಿ ರೇಂಜಿನ ಬ್ಯಾಗು ಗರಾಜಲ್ಲಿ ಮೊಳೆಗೆ ನೇತಾಕಿದೀವಿ, ಸೂಟ್‌ಕೇಸ್ ಇರೋ ರೂಮಿಗೆ ಅದು ಬರಲ್ಲ. ಹೋದ ಸಲ ಹೊರಡೋ ಹಿಂದಿನ ರಾತ್ರಿ ಹಾಕ್ಕೊಂಡು ಹೋಗೋ ಪ್ಯಾಂಟಿನ ಜೇಬನ್ನ ಉಲ್ಟಾ ಮಾಡಿ ಟಾರ್ಚ್ ಹಾಕಿ ನೋಡಿದೆ, ಸಿಕ್ಕಿದ್ದು ಇನ್ನೆರಡು ಸೋಂಪಿನ ಕಾಳು.